ಹಳದಿಯಾಗುತ್ತಿರುವ ಕಾಮಿಕ್ಸ್‌ಗೆ ಲ್ಯಾಮಿನೇಶನ್ ಬೇಡ

ಹಳೆ ಕಾಮಿಕ್ಸ್ ಹಾಳೆಗಳು ಹಳದಿಯಾಗುತ್ತಿವೆ, ಲ್ಯಾಮಿನೇಶನ್ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಹಾಳೆ ಕೆಡದಂತೆ ಬಿಡಿಸಲು ಆಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪ್ ಕೂಡ ಹಚ್ಚಬೇಡಿ. ಅದರ ಗೋಂದು ಕಾಗದಕ್ಕೆ ಇಳಿದು ಕಂದು ಕಲೆ ಉಳಿಯುತ್ತದೆ.

ಈ ಹಳದಿ ಬರುವುದು ಕಾಗದದ ಒಳಗಿನಿಂದಲೇ. ಹಳೆ ಕಾಮಿಕ್ಸ್ ಜಾಸ್ತಿ ಅಚ್ಚಾಗಿದ್ದು ನ್ಯೂಸ್‌ಪ್ರಿಂಟ್ ಮೇಲೆ, ಅಂದರೆ ದಿನಪತ್ರಿಕೆಯ ಅಗ್ಗದ ಕಾಗದದ ಮೇಲೆ. ಅದರಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನೋ ವಸ್ತು ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿದಂತೆ ಅದು ಬಣ್ಣ ತಿರುಗುತ್ತದೆ. ಆಮ್ಲವೂ ಸೇರಿ ಹಾಳೆ ಬಿರುಸಾಗುತ್ತದೆ, ಮಡಚಿದರೆ ಮುರಿಯುತ್ತದೆ. ಇದನ್ನು ನಿಧಾನ ಮಾಡಬಹುದು ಅಷ್ಟೇ.

ಈಗ ಕಾಮಿಕ್ಸ್ ಇಟ್ಟಿರುವ ಕವರ್ ಮೆತ್ತಗಿದೆ, ವಾಸನೆ ಬರುತ್ತದೆ ಅಂತಲೂ ಹೇಳಿದ್ದೀರಿ. ಅದು ಪಿವಿಸಿ ಅನ್ನೋ ಪ್ಲಾಸ್ಟಿಕ್ ಇರಬಹುದು. ಮೊದಲು ಅದನ್ನು ತೆಗೆಯಿರಿ, ಮುಖಪುಟದ ಶಾಯಿಗೇ ಅಂಟಿಕೊಳ್ಳುತ್ತದೆ. ಅದರ ಬದಲು ಪಾಲಿಪ್ರೊಪಿಲೀನ್ ಅನ್ನೋ ಬೇರೆ ಪ್ಲಾಸ್ಟಿಕ್‌ನ ಕವರ್ ಸಾಕು, ಕೆಲವು ವರ್ಷಕ್ಕೊಮ್ಮೆ ಬದಲಿಸಿ. ತುಂಬಾ ಇಷ್ಟದ ಸಂಚಿಕೆಗಳಿಗೆ ಮೈಲಾರ್ (ಪಾಲಿಯೆಸ್ಟರ್ ಹಾಳೆ) ಕವರ್ ಒಳ್ಳೆಯದು, ಬಹಳ ಕಾಲ ಬಾಳುತ್ತದೆ. ಕವರ್ ಒಳಗೆ ಪುಸ್ತಕದ ಹಿಂದೆ ಇಡುವ ರಟ್ಟು ಮಾತ್ರ ಆಮ್ಲರಹಿತವೇ ಆಗಿರಲಿ. ಮಾಮೂಲಿ ರಟ್ಟಿನ ಆಮ್ಲ ನಿಮ್ಮ ಪುಸ್ತಕಕ್ಕೇ ಇಳಿಯುತ್ತದೆ, ಅಲ್ವಾ?

ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಸಡಿಲವಾದರೆ ಬಾಗುತ್ತವೆ, ತುರುಕಿದರೆ ಬೆನ್ನು ಕೆಡುತ್ತದೆ. ಅಟ್ಟ ಬೇಡ, ಅಲ್ಲಿ ಸೆಖೆ ಜಾಸ್ತಿ. ತೇವಾಂಶ ಶೇ. 50ರ ಒಳಗಿದ್ದರೆ ನೆಮ್ಮದಿ. ಒಂದು ಅಗ್ಗದ ತೇವಮಾಪಕ ಪೆಟ್ಟಿಗೆ ಪಕ್ಕ ಇಡಿ. ಆಗಾಗ ನಡುಪುಟ ತೆರೆದು ಹಾಳೆಗಳನ್ನು ಹಿಡಿದಿರುವ ಪಿನ್ ನೋಡಿ. ಸುತ್ತ ಕಂದು ಉಂಗುರ ಕಂಡರೆ ತುಕ್ಕು ಶುರುವಾಗಿದೆ ಅಂತ ಅರ್ಥ, ಪೆಟ್ಟಿಗೆಯ ಜಾಗ ತಕ್ಷಣ ಬದಲಿಸಿ.