ಏಜೆನ್ಸಿ ಮೂಲಕ ಮೂರು ಕೆಲಸ: ಯಾವುದರ ಪಗಾರ ನಿಜವಾಗಿ ಜಾಸ್ತಿ?

ಡಿಪ್ಲೊಮಾ ಮುಗಿದಿದೆ, ತೋರಣಗಲ್ಲು ಕಡೆ ಮೂರು ಏಜೆನ್ಸಿಯವರು ಕರೆದಿದ್ದಾರೆ ಅಂದಿದ್ದೀರಿ. ಶಟ್‌ಡೌನ್ ಕೆಲಸಕ್ಕೆ (ಕಾರ್ಖಾನೆ ನಿಲ್ಲಿಸಿ ಮಾಡುವ ರಿಪೇರಿ) ದಿನಕ್ಕೆ 1,000 ರೂಪಾಯಿ, ವರ್ಷದ ಗುತ್ತಿಗೆಗೆ ತಿಂಗಳಿಗೆ 21,000, ‘ಕನ್ಸಲ್ಟೆಂಟ್’ ಆದರೆ 25,000. ನಾನು ಬಳ್ಳಾರಿಯವನು, ಮೂರೂ ಥರದ ಕೆಲಸ ಮಾಡಿದ್ದೇನೆ.

ಮೊದಲು ಆ ಸಾವಿರ. ಎಷ್ಟು ತಾಸಿಗೆ ಅಂತ ಕೇಳಿದಿರಾ? ಶಟ್‌ಡೌನ್ ಅಂದರೆ ಹೆಚ್ಚಾಗಿ 12 ತಾಸು. ಕಾರ್ಖಾನೆಯಲ್ಲಿ ಓವರ್‌ಟೈಮಿಗೆ ದುಪ್ಪಟ್ಟು ಕೊಡಬೇಕೆಂದು ಕಾನೂನೇ ಇದೆ. 8 ತಾಸು ಸಾದಾ, ಉಳಿದ 4 ತಾಸು ದುಪ್ಪಟ್ಟು, ಒಟ್ಟು 16 ತಾಸಿನ ಕೂಲಿ ಆಯ್ತು. ಸಾವಿರವನ್ನು ಹದಿನಾರರಿಂದ ಭಾಗಿಸಿ: ತಾಸಿಗೆ 62.50. ಅಂದರೆ ನಿಮ್ಮ ದಿನದ ಕೂಲಿ 500 ಅಷ್ಟೇ! ಇಪ್ಪತ್ತು ದಿನ ಆದ ಮೇಲೆ ಗೇಟ್ ಪಾಸ್ ವಾಪಸ್ ಕೊಟ್ಟು ಮನೆಯಲ್ಲಿ ಕೂರಬೇಕು, ಅದು ಬೇರೆ.

ಗುತ್ತಿಗೆಯ 21,000 ಗ್ರಾಸೋ (ಕಡಿತಕ್ಕೆ ಮುಂಚಿನ ಸಂಬಳ) ಸಿಟಿಸಿಯೋ (ನಿಮಗಾಗಿ ಮಾಲೀಕರು ಮಾಡುವ ಒಟ್ಟು ಖರ್ಚು) ಕೇಳಿ. ಸಿಟಿಸಿ ಆದರೆ ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ) ಕೂಡ ಅದರೊಳಗೇ ಸೇರಿರುತ್ತದೆ. ಗ್ರಾಸ್ ಆಗಿದ್ದು ಬೇಸಿಕ್ (ಮೂಲ ವೇತನ) 15,000 ಇದ್ದರೆ, ಪಿಎಫ್ 1,800, ಇಎಸ್‌ಐ (ಕಾರ್ಮಿಕರ ಆಸ್ಪತ್ರೆ ವಿಮೆ) 157.50 ಕಳೆದು ಸುಮಾರು 19,040 ಕೈಗೆ ಬರುತ್ತದೆ. ಕಮ್ಮಿ ಅನ್ನಿಸುತ್ತೆ, ಅಲ್ವಾ? ಆದರೆ ಮಾಲೀಕರೂ 1,800 ಪಿಎಫ್, 682.50 ಇಎಸ್‌ಐ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಬೋನಸ್, ಸಂಬಳದ ರಜೆ ಬೇರೆ. ಇಎಸ್‌ಐ ಸಿಗುವ ಸಂಬಳದ ಮಿತಿ 21,000, ದಾಟಿದರೆ ಇಲ್ಲ. ಐನೂರು ಹೆಚ್ಚು ಮಾಡಿಸಿಕೊಂಡು ಅಪ್ಪ ಅಮ್ಮನ ಆಸ್ಪತ್ರೆ ಕಾರ್ಡ್ ಕಳೆದುಕೊಂಡವರನ್ನು ನೋಡಿದ್ದೇನೆ.

ಕನ್ಸಲ್ಟೆಂಟ್‌ಗೆ ಇದ್ಯಾವುದೂ ಇಲ್ಲ. ಸಾಮಾನ್ಯವಾಗಿ 10% ಟಿಡಿಎಸ್ (ಮುಂಚೆಯೇ ಹಿಡಿಯುವ ಆದಾಯ ತೆರಿಗೆ) ಹಿಡಿದು 22,500 ಕೊಡುತ್ತಾರೆ. ಆ 2,500 ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ಜ್ವರ ಬಂದು ಮಲಗಿದ ದಿನದ ದುಡ್ಡು ಬರಲ್ಲ. ಅದೇ ಶಿಫ್ಟು, ಅದೇ ಹಾಜರಿ ಪುಸ್ತಕ, ಹೆಸರು ಮಾತ್ರ ದೊಡ್ಡದು. ನನ್ನನ್ನು ಕೇಳಿದರೆ 28,000ಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಗುತ್ತಿಗೆ ಹಿಡಿದರೆ ಎರಡನೇ ತಿಂಗಳಲ್ಲೇ ಯುಎಎನ್ (ನಿಮ್ಮ ಪಿಎಫ್ ಖಾತೆಯ ನಂಬರ್) ಹಾಕಿ ಪಿಎಫ್ ಪಾಸ್‌ಬುಕ್ ನೋಡಿ. ನನ್ನ ಮೊದಲ ಏಜೆನ್ಸಿಯವರು ಏಳು ತಿಂಗಳು ಪಿಎಫ್ ಹಿಡಿದರು, ಕಟ್ಟಲೇ ಇಲ್ಲ. ನಾನು ಸುಮ್ನೆ ಪೇ ಸ್ಲಿಪ್ ನಂಬಿಕೊಂಡು ಕೂತಿದ್ದೆ.

ಗುತ್ತಿಗೆ ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟು ಅಂತ ಬರೆದಿದ್ದಾರೆ? ಇಲ್ಲೇ ಹಾಕಿ, ಲೆಕ್ಕ ಮಾಡೋಣ.