ಮೂರೇ ಪರೀಕ್ಷೆಗೆ ಮಂಜೂರಾತಿ: ನಿಮ್ಮ ಪತ್ತೇದಾರಿ ಕಥೆಯನ್ನು ಹಿಂದಿರುಗಿಸುತ್ತಾ

ಆತ್ಮೀಯರೇ,

‘ಮೂರೇ ಪರೀಕ್ಷೆ’ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗೆಂದು ಎರಡು ಸಾಲಿನ ವಿಷಾದಪತ್ರ ಕಳಿಸಿ ಮುಗಿಸುವ ಕಥೆಯೂ ಇದಲ್ಲ. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ಹೂಡಿಕೆ ಚೆನ್ನಾಗಿದೆ. ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ತಲೆಗೆ ಏಟು ಬಿದ್ದು ತನ್ನ ಮನೆಯಲ್ಲೇ ಸತ್ತಿದ್ದಾನೆ. ಅನುಮಾನ ಮೂವರ ಮೇಲೆ: ಅದೇ ಮನೆಯಲ್ಲಿರುವ ತಂಗಿಯ ಮಗ, ವ್ಯಾಪಾರದ ಪಾಲುದಾರ, ಮಹಡಿಯ ಬಾಡಿಗೆದಾರ. ತನಿಖಾಧಿಕಾರಿಗೆ ಮೇಲಿನವರು ಮಂಜೂರು ಮಾಡಿದ್ದು ಮೂರೇ ಲ್ಯಾಬ್ ಪರೀಕ್ಷೆ. ಆತ ಬಾಗಿಲ ಹಿಡಿಯ ಡಿಎನ್‌ಎ, ಸತ್ತವನ ಅಂಗಿಗೆ ಅಂಟಿದ್ದ ಒಂದು ಕೂದಲು, ಸಿಂಕಿನಲ್ಲಿ ನೆನೆದು ಬಿದ್ದಿದ್ದ ಪತ್ರದ ಬೆರಳಚ್ಚು, ಈ ಮೂರನ್ನು ಆರಿಸುತ್ತಾನೆ. ಮೂರೂ ಸೋದರಳಿಯನನ್ನೇ ತೋರಿಸುತ್ತವೆ. ಕೈಗೆ ಬೇಡಿ, ಕಥೆ ಮುಗಿಯಿತು.

ಆತ ಆ ಮೂರನ್ನೇ ಏಕೆ ಆರಿಸಿದ? ಹದಿನೆಂಟು ಪುಟಗಳಲ್ಲಿ ಇದಕ್ಕೆ ಒಂದು ವಾಕ್ಯದ ಉತ್ತರವೂ ಇಲ್ಲ. ಕೊಲೆಗಾರ ಯಾರೆಂದು ನಿಮಗೆ ಗೊತ್ತು, ಹಾಗಾಗಿ ಆತನಿಗೂ ಹೇಗೋ ಗೊತ್ತಾಗಿಬಿಟ್ಟಿದೆ. ಹಣದ ಅಭಾವವನ್ನು ಶೀರ್ಷಿಕೆಯಲ್ಲಿಟ್ಟು ಕಥೆಯೊಳಗೆ ಮರೆತಿದ್ದೀರಿ. ಕೈಬಿಗಿ ಇರುವ ಅಧಿಕಾರಿ ಪ್ರತಿ ವಸ್ತುವಿನ ಮುಂದೆ ನಿಂತು ತನ್ನನ್ನೇ ಕೇಳಿಕೊಳ್ಳಬೇಕು: ಇದರ ಫಲಿತಾಂಶ ‘ಹೌದು’ ಎಂದು ಬಂದರೆ ನಾಳೆ ನಾನೇನು ಮಾಡುತ್ತೇನೆ, ‘ಇಲ್ಲ’ ಎಂದು ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಉತ್ತರ ಒಂದೇ ಆದರೆ ಆ ವಸ್ತು ಲ್ಯಾಬಿಗೆ ಹೋಗಬಾರದು.

ಬಾಗಿಲ ಹಿಡಿಯನ್ನೇ ತೆಗೆದುಕೊಳ್ಳಿ. ಸೋದರಳಿಯ ಆ ಮನೆಯಲ್ಲೇ ಇರುವವನು. ಅವನ ಡಿಎನ್‌ಎ ಹಿಡಿಯ ಮೇಲೆ ಸಿಗದಿದ್ದರೇ ಆಶ್ಚರ್ಯ. ಪಾಲುದಾರನೂ ದಿನಾ ಬಂದು ಹೋಗುವವನು. ಸಿಕ್ಕರೂ ಏನೂ ಸಾಬೀತಾಗದು, ಸಿಗದಿದ್ದರೂ ಯಾರೂ ಪಾರಾಗರು. ಜೊತೆಗೆ ತಾಂತ್ರಿಕ ತೊಡಕೂ ಇದೆ. ನಮ್ಮ ಒಂದು ಜೀವಕೋಶದಲ್ಲಿರುವ ಡಿಎನ್‌ಎ ಸುಮಾರು 6.6 ಪಿಕೋಗ್ರಾಂ (ಸಾವಿರ ಪಿಕೋಗ್ರಾಂ ಸೇರಿದರೆ ಒಂದು ನ್ಯಾನೋಗ್ರಾಂ). ವ್ಯಕ್ತಿಯ ಗುರುತು ಹಚ್ಚುವ ಮಾಮೂಲಿ ಡಿಎನ್‌ಎ ಪರೀಕ್ಷೆ (ಎಸ್‌ಟಿಆರ್) ಸಲೀಸಾಗಿ ನಡೆಯಲು ಅರ್ಧದಿಂದ ಒಂದು ನ್ಯಾನೋಗ್ರಾಂ, ಅಂದರೆ ಎಪ್ಪತ್ತೈದರಿಂದ ನೂರೈವತ್ತು ಜೀವಕೋಶಗಳಷ್ಟು ಡಿಎನ್‌ಎ ಬೇಕು. ಹಿಡಿಯ ಮೇಲೆ ಅಷ್ಟು ಸಿಕ್ಕರೂ ಅದು ನಾಲ್ಕೈದು ಜನರ ಕಲಸುಮೇಲೋಗರ. ಅಂಥ ಮಿಶ್ರಣವನ್ನು ಬಿಡಿಸಿ ಇದು ಇಂಥವರದು ಎನ್ನಲು ಬಾರದೆ ಲ್ಯಾಬ್ ಕೈಚೆಲ್ಲುವುದೇ ಹೆಚ್ಚು. ಇದರ ಪಕ್ಕದಲ್ಲಿ ರಕ್ತವನ್ನು ಇಟ್ಟು ನೋಡಿ: ಒಂದು ಮೈಕ್ರೋಲೀಟರಿನಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಡಿಎನ್‌ಎ ಸಿಗುವುದು ಇವುಗಳಿಂದ. ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ. ಗುಂಡುಸೂಜಿ ತಲೆಯಷ್ಟು ರಕ್ತದ ಕಲೆ ಇಡೀ ಬಾಗಿಲ ಹಿಡಿಗಿಂತ ಹೆಚ್ಚು ಮಾತಾಡುತ್ತದೆ. ಮೂರನೇ ಪುಟದಲ್ಲಿ ಹಿತ್ತಿಲ ಬಾಗಿಲ ಪರದೆಯ ಮೇಲೆ ಕಂದು ಕಲೆ ಇತ್ತೆಂದು ನೀವೇ ಬರೆದು, ಆಮೇಲೆ ಅದರ ಸುದ್ದಿಯನ್ನೇ ಎತ್ತಿಲ್ಲ.

ಇನ್ನು ಕೂದಲು. ಅದು ಉದುರಿದ ಕೂದಲು, ಬೇರು ಇರಲಿಲ್ಲ ಎಂದು ಬರೆದಿದ್ದೀರಿ. ಬೇರಿಲ್ಲದ ಕೂದಲಲ್ಲಿ ಮಾಮೂಲಿ ಲ್ಯಾಬಿಗೆ ದಕ್ಕುವುದು ಕೋಶಕೇಂದ್ರದ ಹೊರಗಿರುವ ಮೈಟೋಕಾಂಡ್ರಿಯದ ಡಿಎನ್‌ಎ ಮಾತ್ರ. ಅದು ತಾಯಿಯಿಂದ ಮಕ್ಕಳಿಗೆ ಇಳಿದು ಬರುವಂಥದ್ದು. ಸತ್ತವನಿಗೂ ಅವನ ತಂಗಿಗೂ ತಾಯಿ ಒಬ್ಬಳೇ, ತಂಗಿಯಿಂದ ಅವಳ ಮಗನಿಗೆ ಅದೇ ಬಂದಿರುತ್ತದೆ. ಅಂದರೆ ಮಾವನದೂ ಸೋದರಳಿಯನದೂ ಮೈಟೋಕಾಂಡ್ರಿಯದ ಮಟ್ಟಿಗೆ ಒಂದೇ! ನಿಮ್ಮ ಲ್ಯಾಬ್ ‘ಇದು ಸೋದರಳಿಯನ ಕೂದಲು’ ಎಂದು ಬರೆದುಕೊಟ್ಟಿದೆ. ಅದು ಸತ್ತವನ ತಲೆಯಿಂದಲೇ ಉದುರಿದ್ದಲ್ಲ ಎನ್ನಲು ಆ ಪರೀಕ್ಷೆಗೆ ಸಾಧ್ಯವೇ ಇಲ್ಲ. ಶಂಕಿತನನ್ನು ತಂಗಿಯ ಮಗನ ಬದಲು ತಮ್ಮನ ಮಗನನ್ನಾಗಿ ಮಾಡಿದ್ದರೆ ಪಾರಾಗುತ್ತಿದ್ದಿರಿ, ಏಕೆಂದರೆ ಅವನಿಗೆ ಬರುವುದು ಅವನ ತಾಯಿಯದು. ಆದರೆ ಬದಲಿಸಬೇಡಿ. ಇಷ್ಟು ಒಳ್ಳೆಯ ತಿರುವು ಪುಕ್ಕಟೆ ಸಿಕ್ಕಿದೆ: ಅಧಿಕಾರಿ ಆ ಪರೀಕ್ಷೆ ಕೇಳಲು ಹೋಗುತ್ತಾನೆ, ಲ್ಯಾಬಿನವರು ಕೇಳುವ ಮೊದಲ ಪ್ರಶ್ನೆ ‘ಇಬ್ಬರಿಗೂ ಏನು ಸಂಬಂಧ?’. ಅಲ್ಲಿಗೆ ಒಂದು ಪರೀಕ್ಷೆ ಉಳಿಯಿತು. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ನೋಡಿದರೆ ಮಾವ ಅಳಿಯರನ್ನು ಬೇರ್ಪಡಿಸಬಹುದು ನಿಜ, ಆದರೆ ಅದಕ್ಕೆ ಕೋಶಕೇಂದ್ರದ ಡಿಎನ್‌ಎ ಬೇಕು, ಬೇರಿಲ್ಲದ ಕೂದಲಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಲು ಮಾತ್ರ ಖರ್ಚಿಲ್ಲ. ಮನುಷ್ಯರದೋ ಪ್ರಾಣಿಯದೋ, ಬಣ್ಣ ಹಚ್ಚಿದ್ದೋ, ಬೇರಿದ್ದರೆ ಕಿತ್ತದ್ದೋ ಉದುರಿದ್ದೋ, ಇಷ್ಟು ಅದರಲ್ಲೇ ಗೊತ್ತಾಗುತ್ತದೆ.

ಪತ್ರದ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಆತ ನೆನೆದ ಕಾಗದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿಸುತ್ತಾನೆ, ನೇರಳೆ ಬಣ್ಣದಲ್ಲಿ ಬೆರಳಚ್ಚು ಅರಳುತ್ತದೆ. ವರ್ಣನೆ ಸೊಗಸಾಗಿದೆ, ಆದರೆ ಅರಳುವುದಿಲ್ಲ. ನಿನ್‌ಹೈಡ್ರಿನ್ ಹಿಡಿಯುವುದು ಬೆವರಿನ ಅಮೈನೋ ಆಮ್ಲಗಳನ್ನು. ಅವು ನೀರಿನಲ್ಲಿ ಕರಗಿ ಹೋಗುತ್ತವೆ. ರಾತ್ರಿಯಿಡೀ ಸಿಂಕಿನಲ್ಲಿ ಬಿದ್ದ ಕಾಗದದಲ್ಲಿ ಉಳಿಯುವುದು ಜಿಡ್ಡು ಮಾತ್ರ. ಅದಕ್ಕೆ ಬೆಳ್ಳಿಯ ಕಣ ಕೂರಿಸುವ ಫಿಸಿಕಲ್ ಡೆವಲಪರ್ ಎಂಬ ಬೇರೆ ವಿಧಾನವಿದೆ, ಕೈ ಪಳಗಿದವರೇ ಮಾಡಬೇಕಾದ ಕೆಲಸ. ಒಣ ಕಾಗದವಾದರೂ ಕ್ರಮ ತಪ್ಪುವಂತಿಲ್ಲ: ಮೊದಲು ಫೋಟೋ, ಆಮೇಲೆ ನಿನ್‌ಹೈಡ್ರಿನ್, ಫಿಸಿಕಲ್ ಡೆವಲಪರ್ ಕಟ್ಟಕಡೆಗೆ. ಅದರ ದ್ರಾವಣದಲ್ಲಿ ಮುಳುಗಿಸಿದ ಮೇಲೆ ನಿನ್‌ಹೈಡ್ರಿನ್‌ಗೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ಅದಿರಲಿ, ಪತ್ರ ನೆನೆಯಿತು. ಅದನ್ನು ಹರಿದ ಪ್ಯಾಡ್ ಎಲ್ಲಿ? ಐದನೇ ಪುಟದಲ್ಲಿ ಮೇಜಿನ ಮೇಲೆ ಒಣಗಿಯೇ ಇದೆ, ಯಾರೂ ಅದರತ್ತ ನೋಡಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪ್ಯಾಡಿನ ಅಂಚಿಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದರೆ, ಮೇಲಿನ ಹಾಳೆಯಲ್ಲಿ ಪೆನ್ನು ಒತ್ತಿದ ಗುಳಿಗಳು ನೆರಳಾಗಿ ಏಳುತ್ತವೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ಒಂದೊಂದು ಫೋಟೋ ತೆಗೆಯಬೇಕು, ಒಂದು ದಿಕ್ಕಿನಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಸೀಸದಕಡ್ಡಿಯಿಂದ ಉಜ್ಜುವುದು ಸಿನಿಮಾದವರ ಚಟ, ಸಾಕ್ಷ್ಯವನ್ನೇ ಕೆಡಿಸುತ್ತದೆ. ಖರ್ಚು ಸೊನ್ನೆ.

ಕಾಸಿಲ್ಲದ ಇಂಥ ಕೆಲಸಗಳೇ ನಿಮ್ಮ ಕಥೆಯ ಬಂಡವಾಳ. ಪರದೆಯ ಕಲೆಗೆ ಬನ್ನಿ. ಅದು ರಕ್ತವೋ ಬಣ್ಣವೋ ಎಂದು ತಿಳಿಯಲು ಲ್ಯಾಬ್ ಪರೀಕ್ಷೆ ಸುಡಬೇಕಿಲ್ಲ. ಕಲೆಯ ಅಂಚನ್ನು ಒದ್ದೆ ಸ್ವಾಬಿನಿಂದ (ತುದಿಗೆ ಹತ್ತಿ ಸುತ್ತಿದ ಕಡ್ಡಿ) ಹಗುರವಾಗಿ ಉಜ್ಜಿ, ಸ್ವಾಬಿನ ಮೇಲೆ (ಕಲೆಯ ಮೇಲಲ್ಲ!) ಒಂದು ತೊಟ್ಟು ಆಲ್ಕೋಹಾಲ್, ಒಂದು ತೊಟ್ಟು ಕ್ಯಾಸ್ಲ್-ಮೇಯರ್ ದ್ರಾವಣ. ಈಗ ಕೆಲವು ಸೆಕೆಂಡು ಕಾಯಬೇಕು. ಈ ಹಂತದಲ್ಲೇ ಗುಲಾಬಿ ಬಣ್ಣ ಬಂದರೆ ಅದು ರಕ್ತದಿಂದ ಬಂದದ್ದೆನ್ನಲಾಗದು, ಯಾವುದೋ ಆಕ್ಸಿಡೀಕಾರಕದ ಕೆಲಸವಿರಬಹುದು, ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ. ಬಾರದಿದ್ದರೆ ಒಂದು ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್. ತಕ್ಷಣ ಗಾಢ ಗುಲಾಬಿಯಾದರೆ ರಕ್ತವಿರುವ ಸಾಧ್ಯತೆ ಇದೆ. ಅರ್ಧ ನಿಮಿಷದ ಮೇಲೆ ಬರುವ ಬಣ್ಣಕ್ಕೆ ಬೆಲೆಯಿಲ್ಲ, ಗಾಳಿ ತಾಗಿದರೂ ಅದು ನಿಧಾನವಾಗಿ ಕೆಂಪೇರುತ್ತದೆ. ಮೂಲಂಗಿ, ಆಲೂಗಡ್ಡೆಯ ರಸವೂ ಇದನ್ನು ಮೋಸಗೊಳಿಸಬಲ್ಲದು. ಗೊತ್ತಿರುವ ರಕ್ತದ ಮೇಲೊಮ್ಮೆ, ಖಾಲಿ ಸ್ವಾಬಿನ ಮೇಲೊಮ್ಮೆ ಮೊದಲು ಮಾಡಿ ನೋಡದೆ ಅಧಿಕಾರಿ ಇದನ್ನು ನಂಬಕೂಡದು. ಮನುಷ್ಯರ ರಕ್ತವೇ ಎಂದು ತಿಳಿಯಲು ಗರ್ಭಪರೀಕ್ಷೆಯ ಪಟ್ಟಿಯಂಥದ್ದೇ ಪಟ್ಟಿ ಸಿಗುತ್ತದೆ. ಅದರದೊಂದು ವಿಚಿತ್ರ: ರಕ್ತ ತೀರಾ ಗಾಢವಾಗಿದ್ದರೆ ಗೆರೆ ಮೂಡದೆ ‘ಇಲ್ಲ’ ಎಂದುಬಿಡುತ್ತದೆ. ತೆಳು ಮಾಡಿ ಮತ್ತೊಮ್ಮೆ ನೋಡಬೇಕು.

ರಕ್ತದ ಕುರುಹು ಹೊಳೆಯುವಂತೆ ಮಾಡುವ ಲ್ಯೂಮಿನಾಲ್‌ನ ದೃಶ್ಯವನ್ನು ಕಿತ್ತುಹಾಕಿ. ಬ್ಲೀಚ್ ಹಾಕಿ ಈಗಷ್ಟೇ ಒರೆಸಿದ ನೆಲಕ್ಕೆ ಸಿಂಪಡಿಸಿದರೆ ರಕ್ತವಿರಲಿ ಬಿಡಲಿ ಇಡೀ ನೆಲ ನೀಲಿಯಾಗಿ ಹೊಳೆಯುತ್ತದೆ. ಅದೂ ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದು! ಆ ಹೊಳಪು ಕತ್ತಲಲ್ಲಿ ಅರೆ ನಿಮಿಷ ಇದ್ದರೆ ಹೆಚ್ಚು.

ಹಾಗಾದರೆ ಮೂರನ್ನು ಯಾವುದಕ್ಕೆ ಖರ್ಚು ಮಾಡಬೇಕು? ನಿಮ್ಮ ಕಥೆಯಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಒಂದು ಮಾತು. ಬಾಡಿಗೆದಾರ ಹೇಳುತ್ತಾನೆ, ‘ನಾನು ಆ ಮನೆಯೊಳಗೆ ಯಾವತ್ತೂ ಕಾಲಿಟ್ಟವನಲ್ಲ.’ ಮಿಕ್ಕ ಇಬ್ಬರ ಗುರುತು ಮನೆಯಲ್ಲಿರುವುದು ಸಹಜ. ಇವನ ಗುರುತು ಒಂದು ಸಿಕ್ಕರೂ ಮಾತು ಸುಳ್ಳಾಗುತ್ತದೆ. ಮೇಜಿನ ಮೇಲೆ ಎರಡು ಗಾಜಿನ ಲೋಟಗಳಿದ್ದವು. ಮೊದಲ ಪರೀಕ್ಷೆ ಅದಕ್ಕೇ. ಎರಡನೇ ಲೋಟದ ಅಂಚನ್ನು, ತುಟಿ ತಾಗುವಷ್ಟು ಜಾಗ, ಮೊದಲು ಸ್ವಾಬಿನಲ್ಲಿ ಒರೆಸಿಕೊಳ್ಳಬೇಕು. ಆಮೇಲೆ ಬೆರಳಚ್ಚು ಮೂಡಲು ಲೋಟದ ಮೈಯನ್ನು ಸೂಪರ್‌ಗ್ಲೂ ಹೊಗೆಗೆ ಹಿಡಿಯಬೇಕು: ಮುಚ್ಚಿದ ಪೆಟ್ಟಿಗೆ, ಶೇಕಡ 80ರ ಆಸುಪಾಸಿನ ತೇವಾಂಶ. ತೇವ ಕಡಿಮೆಯಾದರೆ ಗೆರೆ ಸರಿಯಾಗಿ ಬೆಳೆಯದು, ಹೊಗೆ ಅತಿಯಾದರೆ ಗೆರೆಗಳ ನಡುವಿನ ಸಂದೂ ತುಂಬಿ ಬೆಳ್ಳಗಾಗುತ್ತದೆ. ಬೆರಳಚ್ಚು ಸ್ಪಷ್ಟವಾಗಿ ಸಿಕ್ಕು ಬಾಡಿಗೆದಾರನದಕ್ಕೆ ಹೊಂದಿದರೆ ಅಂಚಿನ ಸ್ವಾಬನ್ನು ಲ್ಯಾಬಿಗೆ ಕಳಿಸುವ ಗೋಜೇ ಇಲ್ಲ, ಅದು ಲಕೋಟೆಯಲ್ಲೇ ಇರಲಿ. ಎರಡನೇ ಪರೀಕ್ಷೆ ಪರದೆಯ ಕಲೆಗೆ, ಆದರೆ ಶವದಿಂದ ಹಿತ್ತಿಲ ಬಾಗಿಲ ತನಕ ನೆಲದಲ್ಲಿ ಬೇರೆ ತೊಟ್ಟುಗಳಿವೆಯೇ ಎಂದು ನೋಡಿದ ಮೇಲೆ. ದುಂಡಗಿನ ತೊಟ್ಟುಗಳು ಹೊರಗಿನ ದಾರಿ ಹಿಡಿದಿದ್ದರೆ ಅದು ಗಾಯಗೊಂಡು ಹೊರನಡೆದವನ ರಕ್ತವಿರಬಹುದು, ಆಯುಧದಿಂದ ತೊಟ್ಟಿಕ್ಕಿದ ಸತ್ತವನ ರಕ್ತವೂ ಇರಬಹುದು.

ಮೂರನೆಯದನ್ನು ಕೈಯಲ್ಲೇ ಇಟ್ಟುಕೊಳ್ಳಲಿ. ಮೂರನ್ನೂ ಒಟ್ಟಿಗೆ ಕಳಿಸುವುದು ಹಣವಿದ್ದವರ ಪದ್ಧತಿ. ಮೊದಲ ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಯೇ ಬದಲಾಗಬಹುದು. ಸತ್ತವನ ಉಗುರಿನ ಸಂದಿಯ ಕೊಳೆ ಅದಕ್ಕೆ ತಕ್ಕ ಅಭ್ಯರ್ಥಿ: ಸತ್ತವನ ಡಿಎನ್‌ಎ ಪ್ರೊಫೈಲ್ ಗೊತ್ತಿರುವುದರಿಂದ ಅದನ್ನು ಕಳೆದು ಉಳಿದದ್ದನ್ನು ಓದಬಹುದು. ಹಾಂ, ಮನೆಯಲ್ಲೇ ಇರುವ ಅಳಿಯನದು ಸಿಕ್ಕರೆ ಅಲ್ಲೂ ತಕರಾರು ಉಂಟು.

‘ಇವನಲ್ಲ’ ಎಂಬ ಫಲಿತಾಂಶಕ್ಕೆ ನೀವು ಬೆಲೆಯನ್ನೇ ಕೊಟ್ಟಿಲ್ಲ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಎರಡು ಕೊಲೆಗಳಲ್ಲಿ 1986ರಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ, ತಪ್ಪೊಪ್ಪಿಕೊಂಡಿದ್ದ ಹುಡುಗನನ್ನು ಬಿಡಿಸಿದ್ದು. ಆಮೇಲೆ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮಾದರಿ ಸಂಗ್ರಹಿಸಿದರೂ ಕೊಲೆಗಾರ ನುಸುಳಿಕೊಂಡ, ತನ್ನ ಬದಲು ಇನ್ನೊಬ್ಬನಿಂದ ರಕ್ತ ಕೊಡಿಸಿ. ಪರೀಕ್ಷೆ ಸರಿಯಿತ್ತು, ಕೊಟ್ಟವನಾರು ಎಂದು ಖಚಿತಪಡಿಸಿಕೊಳ್ಳುವಲ್ಲಿ ಎಡವಿದರು. ಜರ್ಮನಿಯಲ್ಲಂತೂ ಹತ್ತಾರು ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಾ ಹೋಗಿ, 2009ರಲ್ಲಿ ನೋಡಿದರೆ ಅದು ಸ್ವಾಬ್ ತಯಾರಿಕೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವವಳದು. ನಿಮ್ಮ ಅಧಿಕಾರಿ ಒಂದು ಖಾಲಿ ಸ್ವಾಬನ್ನು ಜೊತೆಗೆ ಮುದ್ರೆ ಹಾಕಿ ಇಡಲಿ.

ಸಣ್ಣಪುಟ್ಟವು. ರಕ್ತದ ಬಟ್ಟೆಯನ್ನು ಹಸಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಾನೆ. ಬೂಷ್ಟು, ಬ್ಯಾಕ್ಟೀರಿಯಾ ಸೇರಿ ಡಿಎನ್‌ಎ ಹಾಳು. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿಸಿ. ವರದಿಯಲ್ಲಿ ‘ಇದು ಇವನದೇ’ ಎಂದು ತಜ್ಞರು ಬರೆಯುವುದಿಲ್ಲ, ‘ಹೊಂದುತ್ತದೆ’ ಎಂದು ಬರೆದು ಅಂಥ ಹೊಂದಿಕೆ ಎಷ್ಟು ಅಪರೂಪ ಎಂಬ ಅಂಕಿ ಕೊಡುತ್ತಾರೆ. ಸಂಜೆ ಕೊಟ್ಟು ಬೆಳಿಗ್ಗೆ ಫಲಿತಾಂಶ ಪಡೆಯುವುದನ್ನೂ ಬಿಡಿ, ಸರದಿಯಲ್ಲಿ ಕಾಯುವ ದಿನಗಳಲ್ಲೇ ನಿಮ್ಮ ಅಧಿಕಾರಿ ಟಾರ್ಚು ಹಿಡಿಯಬೇಕಾದ್ದು.

ಎರಡನೇ ಅಧ್ಯಾಯದಿಂದ ತಿದ್ದಿ ಬರೆದು ಕಳಿಸಿ. ಕೊಲೆಗಾರ ಯಾರೆಂದು ಈಗಲೇ ತೀರ್ಮಾನಿಸಬೇಡಿ, ಮೊದಲು ಲೋಟ ಯಾರದೆಂದು ನೋಡಿ. ಹದಿನಾಲ್ಕನೇ ಪುಟದಲ್ಲಿ ಅಧಿಕಾರಿ ಅದೇ ಗ್ಲೌಸ್‌ನಲ್ಲಿ ಸತ್ತವನ ಅಂಗಿಯನ್ನೂ ಲೋಟವನ್ನೂ ಮುಟ್ಟುತ್ತಾನೆ. ಅದೊಂದನ್ನು ಮಾತ್ರ ತಿದ್ದಬೇಡಿ. ಕೊನೆಯ ಅಧ್ಯಾಯದಲ್ಲಿ ಆರೋಪಿಯ ವಕೀಲನಿಗೆ ಅದು ಬೇಕಾಗುತ್ತದೆ.

ಇಂತಿ,
ಸಂಪಾದಕರು