ಹೊಸ ಪ್ಲೈವುಡ್ಡಿನ ಘಾಟು

ಪ್ರಶ್ನೆ: ಕಾರವಾರದಲ್ಲಿ ನನ್ನದು ಸಣ್ಣ ಪೀಠೋಪಕರಣದ ಅಂಗಡಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಹೊಸ ಪ್ಲೈವುಡ್ ಕೊಯ್ಯುವಾಗ ಕಣ್ಣು ಉರಿದು ನೀರು ಸುರಿಯುತ್ತದೆ. ಇದರಿಂದ ಕ್ಯಾನ್ಸರ್ ಬರಬಹುದೇ?

ಉತ್ತರ: ಹಲಗೆಯ ಪದರಗಳನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬೀಳುತ್ತದೆ, ಸೆಕೆ, ತೇವ ಹೆಚ್ಚಿದಷ್ಟೂ ಅದು ಹೆಚ್ಚುವುದರಿಂದ ನಮ್ಮ ಕರಾವಳಿಯ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು ನಿಜವಾದರೂ, ಆ ಗುಂಪು ತಿಳಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ನಿಮಗಿರುವ ಅಪಾಯವನ್ನು ಅಳೆಯಲು ಗಾಳಿಯಲ್ಲಿರುವ ಪ್ರಮಾಣವನ್ನೂ ಅದನ್ನು ಉಸಿರಾಡಿದ ಅವಧಿಯನ್ನೂ ನೋಡಬೇಕು. ಒಳಾಂಗಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, 30 ನಿಮಿಷದ ಸರಾಸರಿಯಲ್ಲಿ, ಘನ ಮೀಟರಿಗೆ 0.1 ಮಿಲಿಗ್ರಾಂ. ಧೂಳಿಲ್ಲದಾಗಲೂ ಕಣ್ಣು ಉರಿದರೆ ಮಿತಿ ಮೀರಿದೆಯೆಂದೇ ಶಂಕಿಸಿ. ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯದು. ಗಾಳಿ ಹೊರದೂಡುವ ಫ್ಯಾನ್ ಹಾಕಿಸಿ.